ಶೂ ಒಳಗಿನ ಇಂಬಳ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಅದರಲ್ಲೂ ಕೇಳದೆ ಉಪಕಾರ ಮಾಡುವವರನ್ನು ಕಂಡರೆ ಕಿವಿ ನೆಟ್ಟಗಾಗುತ್ತದೆ. ತೊಂಬತ್ತರ ದಶಕದ ಕೊನೆ. ಮಳೆಗಾಲ ಮುಗಿದ ಮೇಲೆ ಚಿಕ್ಕಮಗಳೂರಿನಲ್ಲಿ ಹೆಂಗಸರಿಗೆ ಹತ್ತು ಕಿಲೋಮೀಟರ್ ಓಟ ಇದೆ ಎಂದು ಗೊತ್ತಾಗಿ, ಮೂವತ್ತು ದಾಟಿದ ನನಗೆ ಓಡುವ ಹುಚ್ಚು ಹಿಡಿಯಿತು. ಬಾಳೂರಿನ ನಮ್ಮ ಕೂಡುಮನೆಯಲ್ಲಿ ಅತ್ತೆ ಒಪ್ಪಿದ್ದೇ ಹೆಚ್ಚು. "ಒಂದು ದಿನ ತಾನೆ, ಹೋಗಿ ಬಾ. ದೊಡ್ಡವಳು ಮನೇಲಿ ಇರ್ತಾಳಲ್ಲ" ಎಂದರು.

ದೊಡ್ಡವಳೆಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಮುಖ ಸಿಂಡರಿಸಲಿಲ್ಲ. ಬದಲಿಗೆ ಬೆಳಗಿನ ಜಾವ ಕಾಫಿ ಕಾಸಿ ನನ್ನನ್ನು ಎಬ್ಬಿಸತೊಡಗಿದರು. ನಾನು ಕೊಟ್ಟಿಗೆಹಾರದ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಓಡಿ ಬರುವಷ್ಟರಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ತಟ್ಟಿ ಮುಗಿಸಿರುತ್ತಿದ್ದರು. ಇದರಲ್ಲೇನೋ ಇದೆ ಎಂದುಕೊಂಡೆ. ಅತ್ತೆಯ ಮುಂದೆ ನನ್ನನ್ನು ಮೈಗಳ್ಳಿ ಮಾಡುವ ಉಪಾಯ ಎಂದೇ ತೀರ್ಮಾನಿಸಿದೆ.

ಆಮೇಲೆ ಶೂ ವಿಷಯ. ಇದ್ದದ್ದು ಒಂದೇ ಜೊತೆ ಕ್ಯಾನ್ವಾಸ್ ಶೂ. ಓಡಿ ಬಂದು ಬಚ್ಚಲೊಲೆಯ ಪಕ್ಕ ಒಣಗಲು ಇಟ್ಟರೆ, ಮರುದಿನ ನೋಡಿದರೆ ಮತ್ತೆ ಒದ್ದೆ. ಒಂದು ದಿನ ಕಾಲು ತೂರಿಸುವ ಮುಂಚೆ ಕೊಡವಿದೆ, ಇಂಬಳವೊಂದು ಬಿತ್ತು. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಈ ಜಿಗಣೆ ನಮಗೇನೂ ಹೊಸದಲ್ಲ. ಆದರೆ ಇದು ರಕ್ತ ಕುಡಿದು ನೇರಳೆಹಣ್ಣಿನಷ್ಟು ಊದಿಕೊಂಡಿತ್ತು. ನನ್ನ ಕಾಲಲ್ಲಿ ಹೊಸ ಗಾಯವೇ ಇರಲಿಲ್ಲ. ಹಾಗಾದರೆ ಯಾರ ರಕ್ತ?

ಮಲಗಿದ್ದ ಗಂಡನ ಕಾಲು ತಿರುಗಿಸಿ ನೋಡಿದೆ. "ಏನೇ ಇದು, ಬೆಳಗ್ಗೆ ಬೆಳಗ್ಗೆ" ಎಂದು ಗೊಣಗಿ ಕಾಲು ಎಳೆದುಕೊಂಡರು. ಗಾಯವಿರಲಿಲ್ಲ. ಅಡುಗೆಮನೆಗೆ ಬಂದರೆ ಅಕ್ಕ ಕಾಫಿ ಸೋಸುತ್ತಾ ಒಂದು ಕಾಲಿನಿಂದ ಇನ್ನೊಂದು ಕಾಲಿನ ಗಂಟು ಉಜ್ಜಿಕೊಳ್ಳುತ್ತಿದ್ದರು.

ಅವತ್ತು ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಮಗಳನ್ನು ಕರೆತರಲು ಶಾಲೆಗೆ ಹೊರಟವಳಂತೆ ಮಾಡಿ ಮನೆ ಪಕ್ಕದ ಕಾಫಿ ಗೋಡೌನಿನ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಕ ಸೀರೆ ಎತ್ತಿ ಕಟ್ಟಿ, ನನ್ನ ಶೂ ಹಾಕಿಕೊಂಡು, ತೋಟದ ರಸ್ತೆಯ ಏರಿನಲ್ಲಿ ಓಡಿದರು. ನಾನು ನಡೆದು ಹತ್ತುವ ಏರು ಅದು. ನನಗೆ ಮೈಯೆಲ್ಲ ಉರಿಯಿತು. ಅವರು ತಿರುಗಿ ಬರುವಾಗ ಎದುರಿಗೆ ಹೋಗಿ ನಿಂತೆ.

"ಓಟಕ್ಕೆ ನೀವೂ ಬರೋ ಲೆಕ್ಕಾಚಾರಾನಾ ಅಕ್ಕ? ನಂಗೊಂದು ಮಾತು ಹೇಳಕ್ಕೆ ಏನಾಗಿತ್ತು?"

ಅವರು ಮೊದಲು ಅತ್ತೆಯ ಕೋಣೆಯ ಕಿಟಕಿ ನೋಡಿದರು. "ಮೆತ್ತಗೆ ಮಾತಾಡು ಮಾರಾಯ್ತಿ. ಇಬ್ರಿಗೂ ಆಸೆ ಇದೆ ಅಂತ ಗೊತ್ತಾದ್ರೆ ಇಬ್ರನ್ನೂ ಬಿಡಲ್ಲ."

ಓಟದ ದಿನ ನಾನೊಬ್ಬಳೇ ಬಸ್ಸು ಹತ್ತಿದೆ. ಕೊನೆಯವರ ಜೊತೆಗಾದರೂ ಓಡಿ ಮುಗಿಸಿದೆ. ಸಂಜೆ ಊಟಕ್ಕೆ ಕೂತಾಗ ಅತ್ತೆ, "ದೊಡ್ಡವಳು ಇದ್ದಿದ್ದಕ್ಕೆ ಆಯ್ತು ನೋಡು. ಅವಳಿಗೆ ಇಂಥ ಹುಚ್ಚೆಲ್ಲ ಇಲ್ಲ" ಎಂದರು. ಹೇಳಿಯೇ ಬಿಡಬೇಕೆಂದು ನಾನು ಬಾಯಿ ತೆರೆದೆ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹುಯ್ದು, "ಮೊದ್ಲು ಉಣ್ಣು" ಎಂದರು.