ತಗಡಿನ ಪಿಕಪ್ಪಿಗೆ ಹಿಂದಿನ ಬಾಗಿಲು

ನೆಮೇಸಿಯಾ ಕುತಿಪಾ ನನ್ನ ನೆರೆಯವಳು. ಭಾನುವಾರದ ಸಂತೆಯಲ್ಲಿ ಅವಳು ಆಲೂಗಡ್ಡೆ ಮಾರುತ್ತಾಳೆ, ಪಕ್ಕದಲ್ಲೇ ನಾನು ಚೀಸ್ ಮಾರುತ್ತೇನೆ. ತಲೆಯ ಮೇಲಿನ ದುಂಡು ಟೋಪಿ ಸೇರಿಸಿದರೂ ಅವಳು ಗಂಡ ಫೌಸ್ತೊನ ಭುಜಕ್ಕೆ ಬರುವಷ್ಟು ಕುಳ್ಳಿ. ಆದರೆ ಹಟ ಹಿಡಿದಳೆಂದರೆ ಎದುರಿನ ಬೆಟ್ಟವೇ ಸ್ವಲ್ಪ ಸರಿದು ಕೂರಬೇಕು.

ಅವರ ಮನೆಯಲ್ಲಿ ಹಳೆಯ ಪಿಕಪ್ ಒಂದಿತ್ತು. ಮುಂದೆ ಒಂದೇ ಸಾಲು ಸೀಟು, ಹಿಂದೆ ಮೂಟೆ ಹೇರುವ ತೆರೆದ ತೊಟ್ಟಿ. ನಮ್ಮೂರ ಪದ್ಧತಿಯಲ್ಲಿ ಗಂಡಸರು ಒಳಗೆ. ಹೆಂಗಸರು, ಕುರಿ, ಆಲೂಗಡ್ಡೆ ಹಿಂದೆ. ಯಾರೂ ಹಾಕಿದ ಕಟ್ಟಳೆಯಲ್ಲ, ಆದರೂ ನಾವೆಲ್ಲ ಬಾಯಿ ಮುಚ್ಚಿಕೊಂಡು ಹತ್ತಿದವರೇ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ನೆಮೇಸಿಯಾಳ ತಾಯಿ ಲಿಯೊನ್ಸಿಯಾಗೆ ಪಟ್ಟಣದಲ್ಲಿ ಎಡಗಣ್ಣಿನ ಪೊರೆ ತೆಗೆಸಿದರು. ನಮ್ಮ ಕಲ್ಲುರಸ್ತೆಗೆ ಬಾಡಿಗೆ ಕಾರಿನವರು ಬರುವುದಿಲ್ಲ, ಹಾಗಾಗಿ ಪಿಕಪ್ಪೇ ಗತಿ. ವಾಪಸು ಹೊರಟಾಗ ಫೌಸ್ತೊ ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಅವನ ತಮ್ಮ ಸೆವೆರೊ ಕಾಲು ಚಾಚಿ ಕೂತಿದ್ದ.

"ಅವ್ವಂಗೆ ಜಾಗ ಬಿಡಯ್ಯ," ಅಂದಳು ನೆಮೇಸಿಯಾ.

"ನಂಗೆ ಸೊಂಟನೋವು ಅತ್ತಿಗೆ. ಶಾಲು ಹೊದಿಸು, ಏನಾಗಲ್ಲ."

ಆಯಿತು. ಮುದುಕಿ ತೊಟ್ಟಿಯಲ್ಲೇ ಕೂತು ಬಂದಳು. ಊರು ಮುಟ್ಟುವಷ್ಟರಲ್ಲಿ ಕಣ್ಣಿನ ಪಟ್ಟಿಯ ಒಳಗೆಲ್ಲ ಧೂಳು. ಕೀವು ತುಂಬಿತು, ಆ ಕಣ್ಣು ಹೋಯಿತು.

ಆಮೇಲೆ ಬಲಗಣ್ಣಿಗೂ ಪೊರೆ ಬಂತು. ಡಾಕ್ಟರು ಕರೆದರೆ ಮುದುಕಿ ಜಪ್ಪಯ್ಯ ಅನ್ನಲಿಲ್ಲ. "ಒಂದನ್ನ ರಸ್ತೆಗೆ ಕೊಟ್ಟಿದೀನಿ. ಇದು ಮಬ್ಬಾದ್ರೂ ನಂದೇ, ಕೊಡಲ್ಲ."

"ಬಾಗಿಲು ಹಾಕಿ, ಒಳಗೆ ಕೂರಿಸ್ಕೊಂಡು ಕರ್ಕೊಂಡ್ ಬರ್ತೀನಿ ಅವ್ವಾ. ಅಲ್ಲೀವರೆಗೂ ಕರೆಯಲ್ಲ," ಅಂದಳು ಮಗಳು.

ಅಷ್ಟರಲ್ಲಿ ಹಳೇ ಗಾಡಿಯ ಎಂಜಿನ್ನೂ ಕೈಕೊಟ್ಟಿತು. ಹೊಸದು ಕೊಳ್ಳುವುದೆಂದು ಗಂಡಹೆಂಡತಿ ಒಪ್ಪಿದರು. ಯಾವುದು ಅನ್ನುವಲ್ಲಿ ಯುದ್ಧ ಶುರುವಾಯಿತು.

"ಎರಡು ಬಾಗಿಲಿನದು ತಗೊಂಡ್ರೆ ತೊಟ್ಟಿ ಉದ್ದ, ಮೂಟೆ ಜಾಸ್ತಿ ಹಿಡಿಯುತ್ತೆ," ಅಂದ ಫೌಸ್ತೊ. "ಹಿಂದಿನ ಸೀಟಿನ ಮೇಲೇನು ಆಲೂಗಡ್ಡೆ ಬೆಳೀತೀಯಾ? ಅವ್ವಂಗೆ ಮುಂದಿನ ಸೀಟು ಕೊಟ್ರಾಯ್ತು."

"ಹೋದ್ಸಲಾನೂ ಮುಂದಿನ ಸೀಟು ಇತ್ತಲ್ಲ ಫೌಸ್ತೊ."

ಅವನು ಮಾತು ಬಿಟ್ಟು ಉಪಾಯಕ್ಕೆ ಇಳಿದ.

ಜನವರಿಯಲ್ಲಿ ಲಾ ಪಾಸ್‌ನಲ್ಲಿ ಎಕೆಕೊ ದೇವರ ಸಂತೆ. ಆ ವರ್ಷ ನಿಮಗೆ ಏನು ಬೇಕೋ ಅದರ ಪುಟ್ಟ ರೂಪ ಕೊಳ್ಳಬೇಕು. ಮಧ್ಯಾಹ್ನದ ಗಂಟೆ ಬಾರಿಸುವಾಗ ಯಾತಿರಿ, ಅಂದರೆ ನಮ್ಮ ಕಡೆಯ ಪೂಜಾರಿ, ಅದಕ್ಕೆ ಧೂಪ ಹಿಡಿದು ಮಂತ್ರ ಹೇಳಬೇಕು. ಮೈತುಂಬ ಸರಕು ಹೊತ್ತ ಆ ಮೀಸೆಯ ಡುಮ್ಮಣ್ಣ ಎಕೆಕೊ ನಾವು ತೋರಿಸಿದ್ದನ್ನೇ ಕೊಡುತ್ತಾನೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಕೇಳಿದ್ದು ಒಂದು, ಕೊಂಡದ್ದು ಇನ್ನೊಂದಾದರೆ ಸಿಟ್ಟಾಗುತ್ತಾನೆ. ನನ್ನ ಸೋದರತ್ತೆ ಒಂದೇ ಮಹಡಿಯ ಮನೆ ತೋರಿಸಿ ಎರಡು ಕಟ್ಟಿಸಿದಳು. ಮೇಲಿನದು ಇವತ್ತಿಗೂ ಸೋರುತ್ತದೆ.

ನಾನೂ ನೆಮೇಸಿಯಾಳೂ ಸಂತೆ ತಲುಪುವ ಹೊತ್ತಿಗೆ, ಮುಂದೆ ಹೋಗಿದ್ದ ಫೌಸ್ತೊ ತಗಡಿನ ಪಿಕಪ್ ಕೊಂಡಾಗಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ಇಷ್ಟುದ್ದ ತೊಟ್ಟಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಗಂಡನೇ ಪೂಜಾರಿ.

"ಮನೆಗೆ ಒಂದೇ ಗಾಡಿ ತೋರಿಸ್ಬೇಕು," ಅಂದ, ಮೀಸೆಯಡಿ ನಗುತ್ತ. "ಎರಡು ತೋರಿಸಿದ್ರೆ ಎರಡೂ ಇಲ್ಲ. ಗೊತ್ತಲ್ಲ?"

"ಗೊತ್ತು," ಎಂದು ನೆಮೇಸಿಯಾ ಆ ತಗಡನ್ನು ಅವನ ಕೈಯಿಂದ ಕಿತ್ತುಕೊಂಡು ಓಡಿದಳು. ಒಂದರ ಮೇಲೊಂದು ಹತ್ತು ಲಂಗ ಉಟ್ಟ ಹೆಂಗಸು ಆ ನೂಕುನುಗ್ಗಲಲ್ಲಿ ಓಡಿದ್ದನ್ನು ನೀವು ನೋಡಬೇಕಿತ್ತು. ನಾನು ಏದುಸಿರು ಬಿಡುತ್ತ ಹಿಂದೆ.

ತಗಡು ಕೆಲಸದವನ ಮುಂದೆ ಅದನ್ನಿಟ್ಟಳು. "ಇದಕ್ಕೆ ಹಿಂದೆ ಇನ್ನೆರಡು ಬಾಗಿಲು ಇಡು. ಒಳಗೊಂದು ಸೀಟು. ಮೇಲೆ ಸೂರು."

"ತೊಟ್ಟಿ ಮೋಟಾಗುತ್ತಮ್ಮ."

"ಆಗ್ಲಿ."

"ಗಂಟೆ ಹೊಡೆಯೋ ಹೊತ್ತಾಯ್ತು, ಚೆನ್ನಾಗಿ ಕೂರಲ್ಲ."

"ಚೆಂದ ಯಾರಿಗೆ ಬೇಕು? ಮುಚ್ಚಿದ್ರೆ ಸಾಕು. ಮಾಡಯ್ಯಾ!"

ಅವನು ಕತ್ತರಿಸಿದ, ಬೆಸುಗೆ ಹಾಕಿದ. ಇನ್ನೂ ಬಿಸಿಯಾಗಿದ್ದ ಗಾಡಿಯನ್ನು ಶಾಲಿನಲ್ಲಿ ಹಿಡಿದು ನೆಮೇಸಿಯಾ ಯಾತಿರಿಯ ಹೊಗೆಯೊಳಗೆ ಕೈಚಾಚಿದಾಗ ಗಂಟೆ ಬಾರಿಸತೊಡಗಿತು. ಫೌಸ್ತೊ ಬಂದು ನೋಡಿದ. ನಾಲ್ಕು ಬಾಗಿಲು, ಮೇಲೆ ಮಂತ್ರಿಸಿದ ವೈನು ತೊಟ್ಟಿಕ್ಕುತ್ತಿತ್ತು.

"ಅಯ್ಯೋ, ಕೆಲಸ ಕೆಡಿಸಿದ್ಯಲ್ಲೇ!" ಎಂದು ಹಣೆ ಚಚ್ಚಿಕೊಂಡ. ಆದರೆ ದೇವರಿಗೆ ನಾಲ್ಕು ಬಾಗಿಲು ತೋರಿಸಿ ಎರಡರದು ಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ನಮ್ಮೂರಲ್ಲಿ ಯಾರಿಗೂ ಇಲ್ಲ.

ಗಾಡಿ ಮಾರುವ ಅಂಗಡಿಯಲ್ಲಿ ಹುಡುಗ ಹೊಸ ಗಾಡಿಯ ಗುಣಗಾನಕ್ಕೆ ನಿಂತ. ಡೀಸೆಲ್ ಎಂಜಿನ್, ನಾಲ್ಕೂ ಚಕ್ರ ಎಳೆಯುತ್ತವೆ, ಟ್ರೇಲರ್ ಕೊಕ್ಕೆ, ಹಿಂದಕ್ಕೆ ಹೋಗುವಾಗ ತೋರಿಸುವ ಕ್ಯಾಮೆರಾ, ಢಿಕ್ಕಿಯಾದರೆ ಉಬ್ಬುವ ಗಾಳಿಚೀಲ, ಮುಂದೆ ಟಿವಿಯಂಥ ಪರದೆ. ಫೌಸ್ತೊ ಕಣ್ಣು ಬಿಟ್ಟುಕೊಂಡು ಕೇಳಿದ. ನೆಮೇಸಿಯಾ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಅಂಗಳದ ಕಸಬರಿಕೆ ತಗೊಂಡು ಗಾಡಿಯ ಸುತ್ತ ಧೂಳೆಬ್ಬಿಸಿ ಗುಡಿಸಿದಳು. ಹುಡುಗ ಕೆಮ್ಮುತ್ತ ಓಡಿದ.

"ಧೂಳು ಬಂತಾ ಅವ್ವಾ?"

"ಏನಂದೆ?" ಎಂದಳು ಒಳಗಿಂದ ಮುದುಕಿ. "ಏನೂ ಕೇಳ್ಸಲ್ಲ ಇಲ್ಲಿ!"

"ಇದೇ ಇರ್ಲಿ," ಅಂದಳು ನೆಮೇಸಿಯಾ.

ಕೋಪಕಬಾನಾದ ಚರ್ಚಿನೆದುರು ಹೂ ಹಾಕಿ, ಬಿಯರ್ ಚಿಮ್ಮಿಸಿ ಗಾಡಿಗೆ ಆಶೀರ್ವಾದ ಮಾಡಿಸಿದೆವು. ಸೊಟ್ಟ ತಗಡಿನ ಪಿಕಪ್ಪು ಗಾಡಿಯೊಳಗಿನ ಕನ್ನಡಿಗೆ ನೇತುಬಿತ್ತು. ಆಮೇಲೆ ಮುದುಕಿ ತಾನೇ ಕೇಳಿದಳು, "ಡಾಕ್ಟರ ಹತ್ರ ಯಾವಾಗ ಹೋಗೋಣ?"

ಆಪರೇಷನ್ ಮುಗಿಸಿ ಹೊರಟಾಗ ತಾಯಿಮಗಳು ಹಿಂದಿನ ಸೀಟು ತುಂಬಿದ್ದರು, ಮುದುಕಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮುಂದೆ ಫೌಸ್ತೊನ ಪಕ್ಕ ನಾನು. ಪಟ್ಟಣಕ್ಕೆ ಬಂದಿದ್ದ ಸೆವೆರೊ ನನ್ನ ಕಡೆಯ ಬಾಗಿಲು ತೆಗೆದು, ನಾನು ಇಳಿಯುತ್ತೇನೆಂದು ಕಾಯುತ್ತ ನಿಂತ. ನನ್ನ ಕಾಲು ಅಭ್ಯಾಸಬಲದಿಂದ ಕೆಳಗಿಳಿಯಲು ಹೊರಟಿತ್ತು.

"ಕೂತ್ಕೊಳ್ಳಿ ನೀವು," ಎಂದ ಫೌಸ್ತೊ ನನಗೆ. ಆಮೇಲೆ ತಮ್ಮನಿಗೆ, "ಹಿಂದೆ ತೊಟ್ಟಿಗೆ ಹತ್ತು."

"ಅಣ್ಣಾ, ನನ್ನ ಸೊಂಟ..."

"ಶಾಲು ಹೊದ್ಕೋ. ಏನಾಗಲ್ಲ."

ಹಿಂದಿನ ಸೀಟಿನಲ್ಲಿ ನೆಮೇಸಿಯಾ ತನ್ನ ಕಡೆಯ ಬಾಗಿಲು ಎಳೆದುಕೊಂಡಳು. ನನಗಂತೂ ಎದೆ ತಣ್ಣಗಾಯಿತು.

ಮರುದಿನ ಜೋರು ಗಾಳಿ. ಪಟ್ಟಿ ಬಿಚ್ಚಲು ಬಂದ ಆರೋಗ್ಯ ಕೇಂದ್ರದ ನರ್ಸಿಗೆ ಮುದುಕಿ, "ಗಾಡಿಯೊಳಗೇ ಬಿಚ್ಚಮ್ಮ," ಎಂದು ಹಟ ಹಿಡಿದಳು. ಮಗಳಿಗೆ ಆ ಗುಣ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಫೌಸ್ತೊ ಹೊರಗೆ ಟೋಪಿ ಹಿಸುಕುತ್ತ ನಿಂತ. ನಾನು ಕಿಟಕಿಗೆ ಮುಖವೊತ್ತಿ ನೋಡುತ್ತಿದ್ದೆ.

ಪಟ್ಟಿ ಬಿತ್ತು. ಮುದುಕಿ ಕಣ್ಣು ಪಿಳುಕಿಸಿದಳು, ಮಗಳನ್ನು ನೋಡಲಿಲ್ಲ, ನೇರ ಮುಂದೆ ನೋಡಿದಳು. ನೆಮೇಸಿಯಾಳ ಮುಖ ಬಿಳಿಚಿಕೊಂಡಿತು.

"ಲೇ," ಎಂದಳು ಮುದುಕಿ, ಕನ್ನಡಿಯ ಕಡೆ ಬೆರಳು ತೋರಿಸಿ. "ಆ ತಗಡಿನದು... ಹಿಂದಿನ ಬಾಗಿಲು ಸೊಟ್ಟ ಕೂತಿದೆಯಲ್ಲೇ?"

ಜೀವಮಾನದಲ್ಲಿ ಒಂದು ಮಾತಿಗೂ ಸೋಲದ ನೆಮೇಸಿಯಾ ಮುಖ ಮುಚ್ಚಿಕೊಂಡು ಅತ್ತಳು. "ಹೌದು ಅವ್ವಾ," ಅಂದಳು, "ಸೊಟ್ಟ."