ಗಜಾನನ ಮಾಸ್ತರರ ಕಾರ್ ಶೆಡ್ಡು

ನಮ್ಮ ಶಿರಸಿಯಲ್ಲಿ ಕಾರ್ ಶೆಡ್ಡೆಂದರೆ ನಾಲ್ಕು ಕಂಬ, ಮೇಲೆ ತಗಡು. ಅಷ್ಟಕ್ಕೂ ಪರವಾನಿಗೆ ಕೇಳುವ ಮನುಷ್ಯ ಒಬ್ಬರೇ, ಗಣಿತ ಕಲಿಸಿ ನಿವೃತ್ತರಾದ ಗಜಾನನ ಮಾಸ್ತರರು. "ಕೇಳಿ ಕಟ್ಟಿದ್ದು ನಿಲ್ತದೆ" ಎನ್ನುವುದು ಅವರ ಮಾತು. ಹಿಂದೆ ನಾಯಿಗೂಡಿಗೂ ಅರ್ಜಿ ಕೊಟ್ಟವರು. ನಕ್ಷೆಯನ್ನು ತಾವೇ ಬರೆಯುತ್ತಾರೆ. ಅದರಲ್ಲಿ ಬಾವಿ, ಬಚ್ಚಲು, ಕರಿಬೇವಿನ ಗಿಡ ಎಲ್ಲಕ್ಕೂ ಅಳತೆಯಿದೆ, ಕಾರಿಗೆ ನಂಬರ್ ಪ್ಲೇಟೂ ಇದೆ. ದಿನಕ್ಕೊಂದು ತಿದ್ದುಪಡಿ ಹಿಡಿದು ನಗರಸಭೆ ಕಚೇರಿಗೆ ಎಷ್ಟು ಎಡತಾಕಿದರೆಂದರೆ, ಅಲ್ಲಿನ ಗುಮಾಸ್ತ ಉದಯ ರಜೆ ಹಾಕುವ ಮೊದಲು ಅವರಿಗೊಂದು ಮಾತು ಹೇಳುತ್ತಿದ್ದ. ಕೊನೆಗೂ ಪರವಾನಿಗೆ ಸಿಕ್ಕ ದಿನ ಅಂಗಳದಲ್ಲಿ ನಾಲ್ಕು ಗಳ ನೆಟ್ಟು, ಮೇಲೆ ಜಮಖಾನೆ ಕಟ್ಟಿ, ಸಂಜೆವರೆಗೂ ಅದರ ನೆರಳು ಸರಿಯುವುದನ್ನೇ ನೋಡುತ್ತ ಕೂತರು. ಮರುದಿನ ಮತ್ತೆ ಉದಯನ ಮೇಜಿನ ಮುಂದೆ. "ಇನ್ನೆಂತದು ಮಾಸ್ತರ್ರೆ? ಎಲ್ಲ ಕಾಯ್ದೆ ಪ್ರಕಾರವೇ ಇದ್ಯಲ್ಲ." "ಕಾಯ್ದೆಗೆ ಸರಿಯಾಯ್ತು ಮಾರಾಯ. ಆದ್ರೆ ಶೆಡ್ಡು ಎರಡಡಿ ಈಚೆ ಬರಬೇಕು" ಎಂದು ಮಾಸ್ತರರು ಹೊಸ ನಕ್ಷೆ ಬಿಚ್ಚಿದರು. ಅದರಲ್ಲಿ ಬೇಲಿಯಾಚೆ, ಪಕ್ಕದ ಮನೆಯ ಅಂಗಳದಲ್ಲಿ, ಆರಡಿಗೆ ನಾಲ್ಕಡಿಯ ಆಯತವೊಂದು ಹೊಸದಾಗಿ ಬಂದಿತ್ತು, ಒಳಗೆ ಅವರದೇ ದುಂಡು ಅಕ್ಷರ: "ದ್ಯಾವಮ್ಮ ಹಲಸಿನ ಹಪ್ಪಳ ಒಣಗಿಸುವ ಚಾಪೆ. ನೆರಳು ಬೀಳತಕ್ಕದ್ದಲ್ಲ."