ಅವನಿಗೆ ಯ, ಅವಳಿಗೆ ತ

ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿದ್ದೆ. ಗಂಡಿನ ಕಡೆಯಿಂದ. ಗಂಡು ಒಮಾನಿ, ಹೆಣ್ಣು ಸೋಮಾಲಿ. ನಾನು ಉಡುಪಿ ಕಡೆಯ ತುಳುವ. (ನನ್ನನ್ನು ಕರೆದದ್ದು ಯಾಕೆ ಅಂತೀರಾ? ನನ್ನ ಕಾರಿಗೆ ಏಳು ಸೀಟು.)

ಗಂಡು ಸಲೀಂ, ನನ್ನ ಆಫೀಸಿನವನು. ತಂದೆ ಇಲ್ಲ. ಹಾಗಾಗಿ ಚಿಕ್ಕಪ್ಪ ಹಮದ್ ದೂರದ ಊರು ಇಬ್ರಿಯಿಂದ ಬಂದಿದ್ದರು. ಹೆಣ್ಣಿನ ಮನೆಯಿದ್ದ ಅಲ್ ಮಬೇಲಾ ತಲುಪುವ ತನಕ ಅವರದು ಒಂದೇ ಮಾತು. "ಅವರು ಅರಬರಲ್ಲ. ಭಾಷೆಯೇ ಬೇರೆ." ಹಿಂದಿನ ಸೀಟಿನಲ್ಲಿದ್ದ ಸಲೀಂನ ತಾಯಿ ಕಿಟಕಿಯಾಚೆ ನೋಡುತ್ತಿದ್ದರು.

ಹುಡುಗಿ ಹೋದಾನ್ ಫಾರ್ಮಸಿಸ್ಟ್. ಕಾಫಿ, ಖರ್ಜೂರ ತಂದಿಟ್ಟಳು. ಒಳಗೆ ಅವಳ ಅಮ್ಮ, ತಂಗಿಯರು ಸೋಮಾಲಿಯಲ್ಲಿ ಮಾತಾಡುತ್ತಿದ್ದರು.

"ಕೇಳಿದಿರಾ? ಇದರಲ್ಲಿ ನಮ್ಮದೇನಿದೆ?" ಅಂದರು ಹಮದ್. ಮೆಲ್ಲಗೆ ಅಂದದ್ದೇ, ಆದರೂ ಅವಳಿಗೆ ಕೇಳಿಸಿತು.

ಹೋದಾನ್ ಎದುರು ಕೂತಳು. "ಚಿಕ್ಕಪ್ಪ, ಅರಬಿಯಲ್ಲಿ 'ಅವನು ಬರೆಯುತ್ತಾನೆ'ಗೆ ಏನನ್ನುತ್ತೀರಿ?"

"ಯಕ್ತುಬ್."

"ಅವಳು?"

"ತಕ್ತುಬ್. ನಾವು ಅಂದರೆ ನಕ್ತುಬ್. ಇದೇನು, ಪರೀಕ್ಷೆಯಾ?"

"ನಮ್ಮಲ್ಲಿ ಅವನು ಬಂದ ಅನ್ನುವುದಕ್ಕೆ ಯಿಮಿದ್. ಅವಳು ಬಂದಳು, ತಿಮಿದ್. ನಾವು ಬಂದೆವು, ನಿಮಿದ್."

ಯ, ತ, ನ. ಅಲ್ಲೂ ಅದೇ, ಇಲ್ಲೂ ಅದೇ. ಕನ್ನಡದಲ್ಲಿ ನಾವು ಅವನು-ಅವಳನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ: ಬಂದನು, ಬಂದಳು. ಇವರಿಬ್ಬರೂ ತಲೆಗೆ ಕಟ್ಟುತ್ತಾರೆ.

"ಕುರಾನ್ ಓದುತ್ತಾ ನಮ್ಮಿಂದ ಕಲಿತಿರಬೇಕು," ಅಂದರು ಹಮದ್.

"ಕಿತಾಬ್‌ನಂಥ ಪದಗಳು ನಿಮ್ಮಿಂದ ಬಂದವು, ಒಪ್ಪಿದೆ. ಆದರೆ ಅವನು-ಅವಳನ್ನು ಕ್ರಿಯಾಪದಕ್ಕೆ ಕಟ್ಟುವ ಕ್ರಮವನ್ನು ಯಾರಾದರೂ ಪಕ್ಕದ ಮನೆಯಿಂದ ತರುತ್ತಾರಾ? ಇದು ಇಸ್ಲಾಂಗಿಂತ ಎಷ್ಟೋ ಹಳೆಯದು."

ಮನೆಗೆ ಬಂದು ಓದಿದೆ. ಹುಡುಗಿ ಹೇಳಿದ್ದು ಸರಿ. ಸೋಮಾಲಿ, ಒರೊಮೊ ಇವೆಲ್ಲ ಕುಶಿಟಿಕ್ ಭಾಷೆಗಳು. ಅರಬಿ, ಹೀಬ್ರೂ, ಇಥಿಯೋಪಿಯಾದ ಅಮ್ಹಾರಿಕ್ ಸೆಮಿಟಿಕ್. ಎರಡೂ ಒಂದೇ ದೊಡ್ಡ ಕುಟುಂಬದ ಕವಲುಗಳು. ಹಳೆಯ ಈಜಿಪ್ಟಿನ ಭಾಷೆಯೂ ಅದರದ್ದೇ ಕುಡಿ. ಮೂಲ ಮನೆ ಕೆಂಪು ಸಮುದ್ರದ ಆಚೆಯೋ ಈಚೆಯೋ? ಹೆಚ್ಚಿನವರು ಆಫ್ರಿಕಾ ಅನ್ನುತ್ತಾರೆ. ಜಗಳ ಮುಗಿದಿಲ್ಲ.

ಹಾಗಂತ ಭಾಷೆ ಬೇರೆ, ರಕ್ತ ಬೇರೆ. ಜನ ಭಾಷೆ ಬದಲಿಸುತ್ತಾರೆ, ಬೆರೆಯುತ್ತಾರೆ. ನಮ್ಮೂರನ್ನೇ ನೋಡಿ. ತುಳುವಿಗೆ ಕನ್ನಡ ಹತ್ತಿರದ ನೆಂಟ. ಪಕ್ಕದ ಮನೆಯ ಕೊಂಕಣಿ ಬೇರೆಯೇ ಕುಲದ್ದು. ಆದರೆ ನಮ್ಮಮ್ಮ ಹುಷಾರಿಲ್ಲದೆ ಮಲಗಿದಾಗ ಗಂಜಿ ತಂದುಕೊಟ್ಟದ್ದು ಆ ಕೊಂಕಣಿ ಮನೆಯ ಬಾಯಮ್ಮನೇ.

ಇರಲಿ. ಅತ್ತ ಹೆಣ್ಣಿನ ಮನೆಯಲ್ಲಿ ಹಮದ್ "ಯಿಮಿದ್, ತಿಮಿದ್" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಸಲೀಂ ನೆಲ ನೋಡುತ್ತಿದ್ದ.

"ವ್ಯಾಕರಣ ಎಲ್ಲ ಸರಿ," ಅಂದರು ಕೊನೆಗೆ. "ಜನ ಏನನ್ನುತ್ತಾರೆ?"

ಅಲ್ಲಿಯವರೆಗೆ ಒಂದು ಮಾತೂ ಆಡದ ಸಲೀಂನ ತಾಯಿ ಕಪ್ಪು ಕೆಳಗಿಟ್ಟರು. "ಜನ ಆಡಿಕೊಳ್ಳುವುದು ಅರಬಿಯಲ್ಲೇ ಹಮದ್. ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರವನ್ನೂ ಕೊಡುತ್ತೇನೆ. ಹುಡುಗಿ ನನಗೆ ಒಪ್ಪಿಗೆ. ಖಲಾಸ್."

ಹಮದ್ ಇನ್ನೊಂದು ಖರ್ಜೂರ ತೆಗೆದುಕೊಂಡರು. ಕಳೆದ ವಾರ ಮದುವೆಯಾಯಿತು. ಹಮದ್ ಬಂದಿದ್ದರು. ಬಂದವರಿಗೆಲ್ಲ ಸೊಸೆಯ ಭಾಷೆಯೂ ನಮ್ಮ ಭಾಷೆಯೂ ದಾಯಾದಿಗಳು ಎಂದು ವಿವರಿಸುತ್ತಿದ್ದರು.

ಸಂತೋಷ. ಆದರೆ ಒಂದು ಪ್ರಶ್ನೆ. ಆ ಯ, ತ, ನ ಒಂದಕ್ಕೊಂದು ಹೊಂದದೇ ಹೋಗಿದ್ದರೆ, ಹೋದಾನ್ ಕೊಟ್ಟ ಕಾಫಿ ಕಹಿಯಾಗುತ್ತಿತ್ತೇ?